ಸ್ಟಿಯರಿಂಗ್‌ನಲ್ಲಿ ‘ಟಕ್ ಟಕ್’ ಸದ್ದೇ? ಶಾಫ್ಟ್ ಪರೀಕ್ಷಿಸಿ

ಗಾಡಿ ನಿಂತಲ್ಲೇ ಸ್ಟಿಯರಿಂಗ್ ತಿರುಗಿಸಿದಾಗ ಅಥವಾ ಹಂಪ್ ದಾಟುವಾಗ ‘ಟಕ್ ಟಕ್’ ಅಂತ ಸದ್ದು ಬಂದು, ಅದರ ಪೆಟ್ಟು ಕೈಗೂ ತಾಗುತ್ತಿದ್ದರೆ ಮೊದಲು ನೋಡಬೇಕಾದ್ದು ಇಂಟರ್‌ಮೀಡಿಯೆಟ್ ಶಾಫ್ಟ್. ಸ್ಟಿಯರಿಂಗ್ ಕಾಲಮ್ ಮತ್ತು ಕೆಳಗಿನ ರ್‍ಯಾಕ್ ಅಥವಾ ಸ್ಟಿಯರಿಂಗ್ ಬಾಕ್ಸನ್ನು ಜೋಡಿಸುವ ಉಕ್ಕಿನ ಸರಳು ಇದು. ಸಾಮಾನ್ಯವಾಗಿ ಇದರಲ್ಲಿ ಯೂನಿವರ್ಸಲ್ ಜಾಯಿಂಟ್ ಇರುತ್ತದೆ. ಹಲವು ಗಾಡಿಗಳಲ್ಲಿ ನಡುವೆ ಒಂದರೊಳಗೊಂದು ಜಾರುವ ಹಲ್ಲಿನ ಜೋಡಣೆಯೂ ಇರುತ್ತದೆ. ಗ್ರೀಸ್ ಒಣಗಿ, ಮರಳು ಧೂಳು ಸೇರಿ ಸವೆದರೆ ಅಲ್ಲಿ ಆಟ ಬರುತ್ತದೆ. 2000ರ ದಶಕದ ಶೆವ್ರೊಲೆ ಟಾಹೊ, ಜಿಎಂಸಿ ಯೂಕಾನ್‌ಗಳಲ್ಲಿ ಇದು ಎಲ್ಲರಿಗೂ ಗೊತ್ತಿರುವ ದೂರು.

ಪರೀಕ್ಷೆ ಹೇಗೆ?

ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ. ಇಂಜಿನ್ ಆಫ್ ಇರಲಿ, ಸ್ಟಿಯರಿಂಗ್ ಲಾಕ್ ಬಿಟ್ಟಿರಲಿ. ಒಬ್ಬರು ಸ್ಟಿಯರಿಂಗನ್ನು ಎಡಕ್ಕೂ ಬಲಕ್ಕೂ ಸ್ವಲ್ಪ ಸ್ವಲ್ಪ ಅಲ್ಲಾಡಿಸಲಿ. ಇನ್ನೊಬ್ಬರು ಪೆಡಲ್ ಹತ್ತಿರದ ಜಾಯಿಂಟ್ ನೋಡಲಿ. ಮೇಲಿನ ಭಾಗ ಅಲ್ಲಾಡಿದ ಮೇಲೆ ತಡವಾಗಿ ಕೆಳಗಿನದು ಅಲ್ಲಾಡಿದರೆ ಜಾಯಿಂಟ್ ಸವೆದಿದೆ, ಇಲ್ಲವೇ ಬೋಲ್ಟ್ ಸಡಿಲವಾಗಿದೆ.

ಎಲ್ಲ ಸದ್ದೂ ಶಾಫ್ಟಿನದಲ್ಲ. ಹಂಪ್‌ನಲ್ಲಿ ಮಾತ್ರ ಸದ್ದು ಬಂದು ಕೈಗೆ ಏನೂ ತಾಗದಿದ್ದರೆ ಸ್ಟೆಬಿಲೈಸರ್ ಲಿಂಕ್ ನೋಡಿಸಿ. ಚಕ್ರ ಎತ್ತಿ, ಗಡಿಯಾರದ 9 ಮತ್ತು 3ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿದಾಗ ಆಟ ಕಂಡರೆ ಟೈ ರಾಡ್, 12 ಮತ್ತು 6ರಲ್ಲಿ ಕಂಡರೆ ಬಾಲ್ ಜಾಯಿಂಟ್ ಅಥವಾ ಬೇರಿಂಗ್ ಮೇಲೆ ಅನುಮಾನ.

ರಿಪೇರಿ

ಜಾರುವ ಜೋಡಣೆಗೆ ಗ್ರೀಸ್ ಹಾಕಿದರೆ ಕೆಲವೊಮ್ಮೆ ಸದ್ದು ನಿಲ್ಲುತ್ತದೆ, ಆದರೆ ಸವೆತ ಹೋಗುವುದಿಲ್ಲ. ಯೂನಿವರ್ಸಲ್ ಜಾಯಿಂಟ್ ಸವೆದಿದ್ದರೆ ಶಾಫ್ಟ್ ಬದಲಿಸುವುದೇ ಸರಿ. ವೆಲ್ಡಿಂಗ್ ಮಾಡಿಸಲೇಬೇಡಿ.

ಈ ಕೆಲಸ ತಿಳಿದ ಮೆಕ್ಯಾನಿಕ್ ಕೈಯಲ್ಲೇ ಆಗಲಿ. ನೀವು ಪಕ್ಕದಲ್ಲಿ ನಿಂತು ಇಷ್ಟು ಗಮನಿಸಿ:

• ಚಕ್ರ ನೇರ ಇಟ್ಟು, ಬ್ಯಾಟರಿಯ ನೆಗೆಟಿವ್ ವೈರ್ ತೆಗೆದಿರಬೇಕು.
• ಸ್ಟಿಯರಿಂಗ್ ತಿರುಗದಂತೆ ಕಟ್ಟಿರಬೇಕು. ಶಾಫ್ಟ್ ಬಿಚ್ಚಿದಾಗ ಅದು ಸುತ್ತಿದರೆ ಒಳಗಿನ ಕ್ಲಾಕ್ ಸ್ಪ್ರಿಂಗ್ ತುಂಡಾಗಿ ಏರ್‌ಬ್ಯಾಗ್ ಲೈಟ್ ಉರಿಯುತ್ತದೆ.
• ಬಿಚ್ಚುವ ಮುಂಚೆ ಎರಡೂ ಕಡೆ ಪೇಂಟ್ ಗುರುತು ಹಾಕಿರಬೇಕು.
• ಬೋಲ್ಟ್ ಹೊಸದಿರಲಿ. ಟಾರ್ಕ್ ವ್ರೆಂಚ್‌ನಿಂದ, ಕಂಪನಿ ಹೇಳಿದ ಅಳತೆಗೇ ಬಿಗಿಯಲಿ.

ಕೆಲಸ ಮುಗಿದ ಮೇಲೆ ನಿಧಾನವಾಗಿ ಓಡಿಸಿ, ಸ್ಟಿಯರಿಂಗ್ ನೇರ ಇದೆಯಾ ನೋಡಿ.

ಬೇರೆಯವರ ಗಾಡಿ ಓಡಿಸುವವರಿಗೆ

ಶಾಫ್ಟ್ ಬಿಟ್ಟುಹೋದರೆ ಸ್ಟಿಯರಿಂಗ್ ತಿರುಗುತ್ತದೆ, ಚಕ್ರ ತಿರುಗುವುದಿಲ್ಲ. ಹೌಸ್ ಡ್ರೈವರ್, ಡೆಲಿವರಿ ವ್ಯಾನ್, ಕ್ಯಾಂಪ್ ಬಸ್ ಓಡಿಸುವವರು ‘ಪಾಸಿಂಗ್ ಬಂದಾಗ ನೋಡೋಣ’ ಅಂತ ಬಿಡಬೇಡಿ. ಸದ್ದಿನ ವಿಡಿಯೊ, ಗಾಡಿ ನಂಬರ್, ತಾರೀಕು ಹಾಕಿ ಸೂಪರ್‌ವೈಸರ್ ಅಥವಾ ಮಾಲೀಕರಿಗೆ ವಾಟ್ಸಾಪ್ ಮಾಡಿ, ಮೆಸೇಜ್ ಅಳಿಸದೆ ಇಟ್ಟುಕೊಳ್ಳಿ. ಬಾಯಲ್ಲಿ ಹೇಳಿದ್ದಕ್ಕೆ ಆಮೇಲೆ ಪುರಾವೆ ಇರೋದಿಲ್ಲ. ಸ್ಟಿಯರಿಂಗ್ ಹಿಡಿದುಕೊಂಡಂತಾದರೆ ಅಥವಾ ಆಟ ದಿನೇ ದಿನೇ ಹೆಚ್ಚುತ್ತಿದ್ದರೆ ಗಾಡಿ ಓಡಿಸಬೇಡಿ, ರಿಕವರಿ ಕರೆಸಿ.