ವೊಕ್ಯಾಬುಲರಿ ಎಂದರೇನು? ದಿನಕ್ಕೆ 50 ಪದ ಬಾಯಿಪಾಠ ಮಾಡಿದರೆ ಇಂಗ್ಲಿಷ್ ಬರುತ್ತದೆಯೇ?

"ದಿನಕ್ಕೆ 50 ಪದ ಬಾಯಿಪಾಠ ಮಾಡಿ, 30 ದಿನದಲ್ಲಿ ಇಂಗ್ಲಿಷ್ ಮಾತನಾಡಿ" ಎಂಬಂಥ ಸಂದೇಶ, ಜೊತೆಗೊಂದು ಉದ್ದನೆಯ ಪಿಡಿಎಫ್ ನಿಮ್ಮ ಫೋನಿಗೂ ಬಂದಿರಬಹುದು. ಇಂದಿರಾನಗರದ ಶೋರೂಮಿನಲ್ಲೋ ಕೆ.ಆರ್. ಪುರದ ಕಡೆಯ ಆಫೀಸಿನಲ್ಲೋ ಇಂಟರ್‌ವ್ಯೂ ಇದ್ದಾಗ ಇಂಥದ್ದನ್ನು ನಂಬಿ ದುಡ್ಡು ಕಟ್ಟುವವರೂ ಇದ್ದಾರೆ. ಇದು ನಿಜವೇ? ಅರ್ಧ ಮಾತ್ರ ನಿಜ. ಯಾಕೆ ಎಂದು ನೋಡೋಣ.

ಪದದ ಅರ್ಥ

ವೊಕ್ಯಾಬುಲರಿ ಎಂದರೆ ಪದಸಂಪತ್ತು, ಶಬ್ದಭಂಡಾರ. ಲ್ಯಾಟಿನ್‌ನಲ್ಲಿ 'ಕರೆಯುವುದು' ಎಂಬ ಅರ್ಥದ ಮೂಲದಿಂದ ಬಂದದ್ದು. ಒಬ್ಬ ವ್ಯಕ್ತಿಗೆ ಗೊತ್ತಿರುವ ಪದಗಳು, ಒಂದು ಭಾಷೆಯ ಎಲ್ಲ ಪದಗಳು, ಒಂದು ಕಸುಬಿನ ಪದಗಳು, ಪಾಠದ ಕೊನೆಯ ಪದಪಟ್ಟಿ: ಈ ನಾಲ್ಕಕ್ಕೂ ಇದೇ ಹೆಸರು. ಡಿಕ್ಷನರಿ ಪುಸ್ತಕ, ವೊಕ್ಯಾಬುಲರಿ ನಮ್ಮ ತಲೆಯಲ್ಲಿರುವ ಗಂಟು.

ಬಳಸುವಾಗ ಆಗುವ ತಪ್ಪು

"ಇವತ್ತು ಹತ್ತು ವೊಕ್ಯಾಬುಲರಿ ಕಲಿತೆ" ಎನ್ನುವುದು ತಪ್ಪು. ಅದು ಒಂದು ಪದದ ಹೆಸರಲ್ಲ, ಪದಗಳ ಗುಂಪಿನ ಹೆಸರು. "ಹತ್ತು ವರ್ಡ್ಸ್ ಕಲಿತೆ" ಎನ್ನಬೇಕು. ಬಹುವಚನ ಬರುವುದು ಬೇರೆ ಬೇರೆ ಗುಂಪುಗಳಿದ್ದಾಗ. ಶಿವಾಜಿನಗರದ ರಸೆಲ್ ಮಾರ್ಕೆಟ್‌ನಲ್ಲಿ ಕನ್ನಡ, ತಮಿಳು, ಉರ್ದು ಮೂರರಲ್ಲೂ ವ್ಯಾಪಾರ ಮಾಡುವವರಿಗೆ ಮೂರು 'ವೊಕ್ಯಾಬುಲರೀಸ್' ಇವೆ ಎನ್ನಬಹುದು.

ದಂಡಿನಲ್ಲಿ ಚರ್ಚಿಲ್ ಕಲಿತ ಪಾಠ

ವಿನ್‌ಸ್ಟನ್ ಚರ್ಚಿಲ್ ಬೆಂಗಳೂರು ಕ್ಲಬ್‌ಗೆ 13 ರೂಪಾಯಿ ಬಾಕಿ ಉಳಿಸಿದ್ದ ಎಂಬ ಫಾರ್ವರ್ಡ್ ನೋಡಿರುತ್ತೀರಿ. ಅದು ನಿಜ, ಕ್ಲಬ್ಬಿನ 1899ರ ಲೆಕ್ಕದ ಪುಸ್ತಕದಲ್ಲಿದೆ. ಅಷ್ಟಾಗಿ ಯಾರೂ ಫಾರ್ವರ್ಡ್ ಮಾಡದ ಸಂಗತಿ ಇನ್ನೊಂದಿದೆ. 1896ರಲ್ಲಿ ಬೆಂಗಳೂರಿನ ದಂಡಿಗೆ ಸೈನಿಕ ಅಧಿಕಾರಿಯಾಗಿ ಬಂದಾಗ ಅವನಿಗೆ ಇನ್ನೂ 22 ತುಂಬಿರಲಿಲ್ಲ. ತನ್ನ ಪದಸಂಪತ್ತು ದೊಡ್ಡದಿದ್ದರೂ ಎಷ್ಟೋ ಪದಗಳ ಸರಿಯಾದ ಅರ್ಥ ಗೊತ್ತಿಲ್ಲ, ಬಳಸಿದರೆ ನಗೆಪಾಟಲಾಗಬಹುದು ಎಂಬ ಅಳುಕು ಆಗ ಅವನಿಗಿತ್ತು. 1930ರಲ್ಲಿ ಬಂದ ಆತ್ಮಕಥೆಯಲ್ಲಿ ಅವನೇ ಇದನ್ನು ಒಪ್ಪಿಕೊಂಡಿದ್ದಾನೆ. 'ಎಥಿಕ್ಸ್' ಎಂದರೇನು ಎಂಬುದೂ ಅವನಿಗೆ ಸ್ಪಷ್ಟವಿರಲಿಲ್ಲ. ಅವನು ಪದಪಟ್ಟಿ ಹಿಡಿಯಲಿಲ್ಲ. ಇಂಗ್ಲೆಂಡಿನಿಂದ ತಾಯಿ ಕಳಿಸಿದ ಗಿಬ್ಬನ್, ಮೆಕಾಲೆ ಪುಸ್ತಕಗಳನ್ನು ದಿನಕ್ಕೆ ನಾಲ್ಕೈದು ಗಂಟೆ ಓದಿದ. 1953ರಲ್ಲಿ ಅವನಿಗೆ ಸಾಹಿತ್ಯದ ನೊಬೆಲ್ ಬಂತು.

ಇಂಗ್ಲಿಷ್ ಮಾತೃಭಾಷೆಯಾದವನಿಗೇ ಅಳುಕಿತ್ತು ಎಂದ ಮೇಲೆ ನಾವು ನಾಚಿಕೊಳ್ಳಬೇಕಿಲ್ಲ.

ಎಷ್ಟು ಪದ ಬೇಕು?

1989ರ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ 20 ಸಂಪುಟಗಳಷ್ಟಿದೆ. ಅಷ್ಟನ್ನೂ ಯಾರೂ ಕಲಿಯುವುದಿಲ್ಲ. ಬ್ರಿಟಿಷರ ಕಾಲದ ಬಂಗಾಳದಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಮೈಕೆಲ್ ವೆಸ್ಟ್ 1953ರಲ್ಲಿ ಹೆಚ್ಚು ಬಳಕೆಯಾಗುವ ಸುಮಾರು 2,000 ಪದಗಳ ಪಟ್ಟಿ ಪ್ರಕಟಿಸಿದರು. ದಿನನಿತ್ಯದ ಮಾತಿನ ಬಹುಪಾಲು ಇಷ್ಟರಲ್ಲೇ ನಡೆಯುತ್ತದೆ.

ಆದರೆ ಅರ್ಥ ಗೊತ್ತಿದ್ದರೆ ಸಾಲದು, ಯಾವ ಪದದ ಪಕ್ಕ ಯಾವುದು ಕೂರುತ್ತದೆ ಎಂಬುದೂ ಗೊತ್ತಿರಬೇಕು. ನಾವು ದೋಸೆ ಹುಯ್ಯುತ್ತೇವೆ, ರೊಟ್ಟಿ ತಟ್ಟುತ್ತೇವೆ, ಚಪಾತಿ ಲಟ್ಟಿಸುತ್ತೇವೆ. ಇಂಗ್ಲಿಷಿನಲ್ಲೂ ಹಾಗೆಯೇ: ಟೀ 'ಸ್ಟ್ರಾಂಗ್', ಮಳೆ 'ಹೆವಿ'. ಬಿಡಿ ಪದಗಳ ಪಿಡಿಎಫ್ ಇದನ್ನು ಹೇಳಿಕೊಡುವುದಿಲ್ಲ.

ಹಾಗಾದರೆ ಏನು ಮಾಡಬೇಕು?

ದಿನಕ್ಕೆ ಐದು ಪದ ಸಾಕು, ನಿಮ್ಮ ಕೆಲಸಕ್ಕೆ ಬೇಕಾದವು. ಪ್ರತಿಯೊಂದನ್ನೂ ಒಂದು ವಾಕ್ಯದಲ್ಲಿ ಬರೆಯಿರಿ, ಜೋರಾಗಿ ಹೇಳಿ. ಮರುದಿನ, ವಾರದ ನಂತರ, ತಿಂಗಳ ನಂತರ ಮತ್ತೆ ನೋಡಿ. ಓದಿದರೆ ಅರ್ಥವಾಗುವ ಪದ ಬೇರೆ, ನಾಲಿಗೆಗೆ ಬರುವ ಪದ ಬೇರೆ. ಇಂಟರ್‌ವ್ಯೂನಲ್ಲಿ ಕೈಹಿಡಿಯುವುದು ಎರಡನೆಯದು.

30 ದಿನದ ಆ ಸಂದೇಶ ಮತ್ತೆ ಬಂದರೆ ದುಡ್ಡು ಕಟ್ಟುವ ಮುಂಚೆ, ಇನ್ನೊಬ್ಬರಿಗೆ ಕಳಿಸುವ ಮುಂಚೆ ಒಮ್ಮೆ ಯೋಚಿಸಿ.