ಪಡಸಾಲಿ ಪರಸಿ ಮ್ಯಾಲಿನ ಹುಲಿಮನಿ

ನಮ್ಮನಿ ಪಡಸಾಲಿಯೊಳಗ, ಬಾಗಿಲದ ಎಡಕ್ಕ, ಮೂರನೇ ಪರಸಿ ಮ್ಯಾಲ ಗೆರಿ ಕೊರದದ್ದು ಅದ. ಬಂದವರೆಲ್ಲ ನೋಡೀರಿ, ಅದರ ಮ್ಯಾಲೇ ಚಾದ ಬಟ್ಟಲ ಇಟ್ಟು ಕುಂತೀರಿ. ಅದು ಹುಲಿಮನಿ. ನಮ್ಮ ಅತ್ತಿಯವರ ಅತ್ತಿ ಮೊಳಿ ಹಿಡದು ಕೊರದದ್ದಂತ. ಈಗ ಪಡಸಾಲಿಗೆ ಟೈಲ್ಸ್ ಹಾಕಸಬೇಕಂತ ಮನ್ಯಾಗ ಠರಾವ ಆಗ್ಯಾದ, ಗೌಂಡಿ ಬಂದು ಅಳತಿ ತಗೊಂಡು ಹೋಗ್ಯಾನ. ಅವತ್ತಿಂದ ನನಗ ಆ ಕಲ್ಲಿಂದೇ ಚಿಂತಿ.

ಅಂಥಾದ್ರಾಗ ಮಗ ಪುಣೆದಿಂದ ಬರೋಮುಂದ ಯಾರ ಕಡೆಂದೋ ಒಂದು ಹಳೇ ಡಬ್ಬಿ ತಂದ. ಯುದ್ಧದ ಆಟ ಅಂತ. ಹೆಸರು ಸ್ಕ್ವಾಡ್ ಲೀಡರ್. ಬಿಚ್ಚಿ ಹರಡಿದ್ರ ಅರ್ಧ ಪಡಸಾಲಿ ನಕಾಶಿ. ಗುಡ್ಡ, ಅಡವಿ, ಮನಿ, ದಾರಿ, ಎಲ್ಲಾದರ ಮ್ಯಾಲೂ ಜೇನಗೂಡಿನಂಗ ಆರು ಮೂಲಿ ಮನಿ. ಸೈನಿಕರಂದ್ರ ಉಗುರಿನಷ್ಟು ರಟ್ಟಿನ ತುಣುಕು. ಮರದಿನ ಕಸಾ ಹೊಡ್ಯಾಗ ಒಂದು ಜರ್ಮನ್ ತುಕಡಿ ಪೂರಾ ನನ್ನ ಮೊರಕ್ಕ ಬಂತು ನೋಡ್ರಿ! ಹೊಟ್ಟಿನ್ಯಾಗ ಹುಡುಕಿ ಹುಡುಕಿ ತಗದು ಕೊಟ್ಟೆ. ಅವ ಸಿಟ್ಟಾಗಲಿಲ್ಲ, "ಅವ್ವಾ, ಇದು ಮತ್ತ ಸಿಗಂಗಿಲ್ಲ" ಅಂದ. ಯಾಕ ಸಿಗಂಗಿಲ್ಲ ಅಂತ ಕೇಳಿದ್ದಕ್ಕ ಈ ಕತಿ ಹೊರಗ ಬಂತು.

ಯುದ್ಧಾನ ಮೇಜಿನ ಮ್ಯಾಲ ಆಡಿ ಕಲಿಯೋದು ಜರ್ಮನಿ ಕಡೆ ಮೊದಲಿಂದ ಇತ್ತು. ಪ್ರಷ್ಯಾದ ದಂಡಿನ ರೈಸ್ವಿಟ್ಸ್ ಅನ್ನೋ ಅಧಿಕಾರಿ 1824ರಾಗ ಅದಕ್ಕ ನಿಯಮದ ಪುಸ್ತಕಾನೇ ಮಾಡಿದ. ಆದ್ರ ಅದು ದಂಡಿನವರ ಆಟ. ಮನ್ಯಾಗ ಕುಂತು ಆಡೋರಿಗೆ ಅಂತ ಡಬ್ಬಿ ಮಾಡಿ ಮಾರಿದವ ಅಮೆರಿಕಾದ ಚಾರ್ಲ್ಸ್ ರಾಬರ್ಟ್ಸ್. ದಂಡಿನ್ಯಾಗ ಅಧಿಕಾರಿ ಆಗಬೇಕು, ಅದಕ್ಕ ಅಭ್ಯಾಸ ಬೇಕು ಅಂತ ತನಗಾಗೇ ಒಂದು ಆಟ ಕಟ್ಟಿಕೊಂಡಿದ್ದ. 1954ರಾಗ ಅದನ್ನ 'ಟ್ಯಾಕ್ಟಿಕ್ಸ್' ಅಂತ ಅಚ್ಚು ಹಾಕಿಸಿ ಟಪಾಲಿನ್ಯಾಗ ಮಾರಿದ. ಸುಮಾರು 2,000 ಡಬ್ಬಿ ಹೋದವು. 1958ಕ್ಕ ಅವಲಾನ್ ಹಿಲ್ ಅಂತ ಕಂಪನಿ ತಗದ, ಅವರದೇ ದೇಶದ ಗೆಟಿಸ್ಬರ್ಗ್ ಕಾಳಗಾನ ಆಟ ಮಾಡಿದ. ಆ ಜೇನಗೂಡಿನ ಮನಿ ಬಂದದ್ದು ಅದಾದ ಮ್ಯಾಲ, 1961ರ ಸುಮಾರಿಗೆ. ಚೌಕ ಮನಿಯೊಳಗ ಮೂಲಿಗೆ ಹೋದ್ರ ದಾರಿ ಉದ್ದ ಆಗ್ತದ, ಆರು ಮೂಲಿಯೊಳಗ ಎಲ್ಲಾ ಕಡೆ ಒಂದೇ ಅಳತಿ. ರಂಗೋಲಿ ಚುಕ್ಕಿ ಇಡೋರಿಗೆ ಇದನ್ನ ನಾ ಹೇಳೋದೇನು, ಎಡೆಚುಕ್ಕಿ ಲೆಕ್ಕಾನೇ ಅದು.

ಮುಂದಿಂದು ನಮ್ಮ ಕಿರಾಣಿ ಅಂಗಡಿ ಉದ್ರಿ ಕತಿ ಇದ್ದಂಗ ಅದ. 1963ಕ್ಕ ಸಾಲ ಏರಿ ರಾಬರ್ಟ್ಸ್ ಕೈಚೆಲ್ಲಿದ. ಕಂಪನಿ ಬಾಕಿ ಬರಬೇಕಾದವರ ಕೈಗೆ ಹೋತು. ಅವರು ಯಾರು? ಅಚ್ಚು ಹಾಕಿ ಕೊಡೋರು, ಡಬ್ಬಿ ಮಾಡಿ ಕೊಡೋರು! ಮುಚ್ಚಿ ಹಾಕ್ತಾರ ಅಂದ್ರ ಇಲ್ಲ, ಅಚ್ಚಿನವರೇ ಅದನ್ನ ಮೂವತ್ತು ವರ್ಷದ ಮ್ಯಾಲ ನಡಸಿದ್ರು. 1977ರಾಗ ಜಾನ್ ಹಿಲ್ ಅನ್ನೋವ ಕಟ್ಟಿದ ಸ್ಕ್ವಾಡ್ ಲೀಡರ್ ಬಂತು. ಅದಕ್ಕ ಒಂದರ ಹಿಂದ ಒಂದು ಜೋಡಣಿ ಡಬ್ಬಿ ಬಂದವು. ನಿಯಮ ಅಷ್ಟು ಬೆಳದ್ವಂದ್ರ, 1985ರಾಗ ಎಲ್ಲಾ ಬಿಚ್ಚಿ ಹೊಸದಾಗಿ 'ಅಡ್ವಾನ್ಸ್ಡ್ ಸ್ಕ್ವಾಡ್ ಲೀಡರ್' ಅಂತ ಮಾಡಬೇಕಾತು. 1998ಕ್ಕ ಅಚ್ಚಿನವರು ಅವಲಾನ್ ಹಿಲ್ ಅನ್ನ ಹ್ಯಾಸ್ಬ್ರೊ ಅನ್ನೋ ದೊಡ್ಡ ಆಟಿಕಿ ಕಂಪನಿಗೆ ಮಾರಿದ್ರು. ಎಷ್ಟೋ ಆಟ ಅಲ್ಲಿಗೇ ನಿಂತವು. ಸ್ಕ್ವಾಡ್ ಲೀಡರ್ ಕುಲ ಉಳದದ್ದು ಅದನ್ನ ಆಡ್ತಿದ್ದವರಿಂದ. ಅವರೇ ಕೂಡಿ ಮಲ್ಟಿ-ಮ್ಯಾನ್ ಪಬ್ಲಿಷಿಂಗ್ ಅಂತ ಮಾಡಿಕೊಂಡು ಪರವಾನಗಿ ತಗೊಂಡ್ರು. ಅವರೊಳಗ ಕರ್ಟ್ ಶಿಲ್ಲಿಂಗ್ ಅಂತ ಹೆಸರಾದ ಬೇಸ್‌ಬಾಲ್ ಆಟಗಾರನೂ ಒಬ್ಬ.

ಮಗ ಇಷ್ಟು ಹೇಳಿ, "ನಮ್ಮ ಕಡೆ ಇಂಥಾದ್ದೇನು ಇರಲಿಲ್ಲ ಬಿಡು" ಅಂದ. ಅವ ಕುಂತಿದ್ದು ಅದೇ ಮೂರನೇ ಪರಸಿ ಮ್ಯಾಲ!

ಇರಲಿಲ್ಲಂದ್ರ ಹ್ಯಾಂಗ? ಬಸವಕಲ್ಯಾಣದಾಗ ಆಳಿದ ಚಾಲುಕ್ಯ ಮೂರನೇ ಸೋಮೇಶ್ವರ ಬರದ ಮಾನಸೋಲ್ಲಾಸದಾಗ ಚದುರಂಗದ ವಿವರ ಅದ. ಅವ ಪಟ್ಟಕ್ಕ ಬಂದದ್ದು 1126ರಾಗ. ಆನಿ, ಕುದುರಿ, ರಥ, ಕಾಲಾಳು, ಚದುರಂಗ ಅಂದ್ರೇನೇ ನಾಕು ಅಂಗದ ದಂಡು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರದಂತೂ ಬ್ಯಾರೆನೇ ಕತಿ. 1831ರಾಗ ಬ್ರಿಟಿಷರು ಆಡಳಿತ ಕಸಗೊಂಡ್ರು, ರಾಜ ಅನ್ನೋ ಹೆಸರಷ್ಟೇ ಉಳೀತು. 1868ರಾಗ ತೀರಿಕೊಳ್ಳೋ ತನಕ ಅವರು ಹೊಸ ಹೊಸ ಆಟ ಕಟ್ಟಿದ್ರು. ಮಣಿ ಆಟ, ಗಂಜೀಫಾ ಎಲಿ ಆಟ, ಚದುರಂಗದ ಕುದುರಿ ಅರವತ್ನಾಕು ಮನಿ ಒಮ್ಮೊಮ್ಮೆ ಮೆಟ್ಟಿ ಬರೋ ಲೆಕ್ಕ. ಶ್ರೀತತ್ತ್ವನಿಧಿಯ ಕೌತುಕನಿಧಿಯೊಳಗ ಬರೇ ಆಟದ ವಿಚಾರ. ಜಗನ್ಮೋಹನ ಅರಮನಿ ಗೋಡಿ ಮ್ಯಾಲ ಆ ಆಟದ ಪಟ ಈಗೂ ಅವ. ದಂಡು ಇಲ್ಲದ ರಾಜ ಮಣಿ ಮ್ಯಾಲ ದಂಡು ನಡಸ್ಯಾನ ಅಂತ ನನಗ ಕೆಡುಕೆನಸ್ತದ. ಈಗ ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು 'ಕ್ರೀಡಾ ಕೌಶಲ್ಯ' ಅಂತ ಪ್ರದರ್ಶನ ಮಾಡಿ ಇಂಥಾ ಆಟದ ಮಣಿ, ಹಾಸು ಮತ್ತ ಮಾಡಸ್ತಾರ.

ಹುಲಿಮನಿಗೆ ರಾಜನೂ ಇಲ್ಲ, ಕಂಪನಿನೂ ಇಲ್ಲ. ಹಂಪಿ ಮಂಟಪದ ಹಾಸುಗಲ್ಲಿನ್ಯಾಗೂ ಆಟದ ಮನಿ ಕೊರದಾರ, ಯಾರು ಅಂತ ಹೆಸರಿಲ್ಲ. ನಮ್ಮ ಕಲ್ಲಿನ ಮ್ಯಾಲ ಗೆರಿ ಕೂಡೋ ಜಾಗ 23. ಹುಲಿ ಮೂರು, ಆಡು ಹದಿನೈದು. ಹುಲಿಗೆ ಬಳಿಚೂರು, ಆಡಿಗೆ ಹುಣಸಿ ಪಕ್ಕ. ಆಡು ಒಂದೊಂದಾಗಿ ಇಡಬೇಕು, ಹದಿನೈದೂ ಇಡೋ ತನಕ ಯಾವ ಆಡೂ ಸರಿಯಂಗಿಲ್ಲ. ಹುಲಿ ಮಾತ್ರ ಮೊದಲಿಂದ ಓಡ್ಯಾಡ್ತದ, ಜಿಗದು ತಿಂತದ. ಆಡಿಗೆ ಜಿಗಿಯೋ ಹಕ್ಕಿಲ್ಲ, ಸುತ್ತಗಟ್ಟಿ ಹುಲಿ ಅಲ್ಲಾಡದಂಗ ಮಾಡಿದ್ರ ಗೆದ್ದಂಗ. ಎರಡು ದಂಡು ಒಂದೇ ನಮೂನಿ ಇಲ್ಲ, ಬಲಾನೂ ಬ್ಯಾರೆ, ಗೆಲ್ಲೋ ದಾರಿನೂ ಬ್ಯಾರೆ. ಮಗನ ಡಬ್ಬಿಯೊಳಗೂ ಇದನ್ನೇ ಬಾಳ ಪುಟ ಬರದಾರ.

ನಮ್ಮ ಅತ್ತಿಯವರು ಯಾವತ್ತೂ ಆಡೇ ತಗೋತಿದ್ರು. ನಾ ಹೊಸದಾಗಿ ನಡೀಲಿಕ್ಕೆ ಬಂದಾಗ ಹುಲಿ ನನಗ ಕೊಟ್ರು, ಒಂದು ಬ್ಯಾಸಗಿ ಪೂರ್ತಿ ಸೋಲಿಸಿದ್ರು. ಆಟದಾಗ ವಾಗಿನಗೇರಾದ ಕತಿ ಹೇಳೋರು. 1705ರಾಗ ಔರಂಗಜೇಬ ತಾನೇ ದಂಡು ತಗೊಂಡು ನಮ್ಮ ಸುರಪುರ ಸೀಮಿಗೆ ಬಂದು ಆ ಕೋಟಿಗೆ ಮುತ್ತಿಗಿ ಹಾಕಿದ್ದ. ಅವ ಮುಂದ ನಿಂತು ಮಾಡಿದ ಕಡೀ ಮುತ್ತಿಗಿ ಅದು. ಕೋಟಿ ಸಿಕ್ತು, ಪಿಡ್ಡನಾಯಕ ಸಿಗಲಿಲ್ಲ. "ಮನಿ ಬಿಡು, ಕಾಯಿ ಉಳಿಸಿಕೊ" ಅನ್ನೋರು ಅತ್ತಿ, ನನ್ನ ಹುಲಿ ಬಾಯಿಂದ ಆಡು ಸರಸಿಕೋತ.

ಗೌಂಡಿಗೆ ಕಲ್ಲು ಇಡೀದು ಎಬ್ಬಿಸಿ ಕೊಡಪ್ಪ ಅಂದೆ. "ಅಕ್ಕೋರ, ಹಳೇ ಪರಸಿ ಪದರು ಬಿಡ್ತದ, ಒಡದ್ರ ನನ್ನ ಮ್ಯಾಲ ಬರಬ್ಯಾಡ್ರಿ" ಅಂದ. ಟೈಲ್ಸ್ ನಡಕ ಒಂದೇ ಕಲ್ಲು ಬಿಟ್ರ ತ್ಯಾಪಿ ಹಚ್ಚಿದ ಸೀರಿ ಕಂಡಂಗ ಕಾಣ್ತದ ಅಂತ ಮನಿಯವರು. ನಿನ್ನೆ ನಾನು, ಮಗ ಕೂಡಿ ಹಳೇ ಪೇಪರ್ ಹಾಸಿ ಇದ್ದಲಿ ತಿಕ್ಕಿ ಗೆರಿ ಎಬ್ಬಿಸಿಕೊಂಡೀವಿ. ಒಂದು ಕಡೆ ಗೆರಿ ಸವದು ಹೋಗ್ಯಾದ, ಅಲ್ಲಿ ಹಾದಿ ಅದನೋ ಇಲ್ಲೋ ಅಂತ ನಮ್ಮಿಬ್ಬರಿಗೂ ವಾದ. ಅತ್ತಿ ಇದ್ದಿದ್ರ ಬೆರಳು ಇಟ್ಟು ತೋರಸ್ತಿದ್ರು.

ಅದಕ್ಕ ವೈನಿ, ಅಕ್ಕ, ತಂಗೇರೆಲ್ಲ ನಿಮ್ಮ ನಿಮ್ಮ ತೌರಿಗೆ ಒಂದು ಫೋನ್ ಮಾಡ್ರಿ. ಅಲ್ಲಿ ಹುಲಿ ಎಷ್ಟು, ಆಡು ಎಷ್ಟು, ಮ್ಯಾಲಿನ ತುದಿಯಿಂದ ಕೆಳಗ ಇಳಿಯೋ ಗೆರಿ ಎಷ್ಟು, ಕೇಳಿ ಹೇಳ್ರಿ. ಗೌಂಡಿ ಸೋಮವಾರ ಬರ್ತಾನ.