ತೆರಿಗೆಯೂ ಲೆಕ್ಕವೂ: ಮುಂಬಯಿ ಪೌರಸಭೆಯ ಒಂದು ಅಧ್ಯಾಯ

ಪೌರಸಭೆಯು ತೆರಿಗೆಯನ್ನು ಹೆಚ್ಚಿಸಿದಾಗ ಪಟ್ಟಣಿಗರು ಕೇಳುವ ಮೊದಲನೆಯ ಪ್ರಶ್ನೆ, “ಇಷ್ಟು ಹಣವೇಕೆ?” ಎಂಬುದು. ಅದಕ್ಕಿಂತ ಗುರುತರವಾದ ಪ್ರಶ್ನೆ ಮತ್ತೊಂದುಂಟು: ಈ ಹಣವನ್ನು ವೆಚ್ಚಮಾಡುವವರು ಯಾರಿಗೆ ಲೆಕ್ಕವೊಪ್ಪಿಸಬೇಕು? ಮೊದಲನೆಯ ಪ್ರಶ್ನೆಯಿಂದ ಹೊರಟು ಎರಡನೆಯದನ್ನು ಮುಟ್ಟಿದ ನಮ್ಮ ದೇಶದ ನಗರಗಳಲ್ಲಿ ಮುಂಬಯಿಯು ಮುಂದಿನ ಸಾಲಿನದು. ಅಲ್ಲಿ 1865ರಿಂದ 1872ರವರೆಗೆ ನಡೆದ ವಾದವಿವಾದಗಳನ್ನು ನಾವು ಈಗ ಸಂಗ್ರಹವಾಗಿ ಪರಾಮರ್ಶಿಸೋಣ.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧವು ಮೊದಲಾಯಿತು. ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ತಲುಪದಂತಾದುದರಿಂದ ನಮ್ಮ ದೇಶದ ಹತ್ತಿಗೆ ಎಂದೂ ಕಾಣದ ಬೆಲೆ ಬಂದಿತು. ಮುಂಬಯಿಗೆ ಹಣವು ಹೊಳೆಯಾಗಿ ಹರಿಯಿತು. ಹಣದೊಡನೆ ಜನವೂ ಬಂದಿತು. 1864ರ ಜನಗಣತಿಯಲ್ಲಿ ನಗರದ ಜನಸಂಖ್ಯೆ ಎಂಟು ಲಕ್ಷವನ್ನು ಮೀರಿತ್ತು. ಆದರೆ ಊರಿನ ಚರಂಡಿಗಳೂ ಬೀದಿಗಳೂ ಸಂತೆಗಳೂ ಇಷ್ಟು ಜನಕ್ಕಾಗಿ ಏರ್ಪಟ್ಟವಲ್ಲ. ಕೊಳಚೆಯೂ ರೋಗವೂ ನಗರವನ್ನು ಕಾಡುತ್ತಿದ್ದವು.

ಇದನ್ನು ಸರಿಪಡಿಸಲೆಂದು 1865ರಲ್ಲಿ ಹೊಸದೊಂದು ಶಾಸನವಾಯಿತು. ಅದಕ್ಕೆ ಹಿಂದೆ ಮೂವರು ಕಮಿಷನರುಗಳು ನಡೆಸುತ್ತಿದ್ದ ಆಡಳಿತವು ಈಗ ಒಬ್ಬನೇ ಕಮಿಷನರನ ಕೈಸೇರಿತು. ಆಯವ್ಯಯವನ್ನು ಮಂಜೂರು ಮಾಡುವ ಅಧಿಕಾರವು ‘ಜಸ್ಟಿಸ್ ಆಫ್ ದಿ ಪೀಸ್’ ಎಂಬ ಬಿರುದುಳ್ಳ ಮಹನೀಯರ ಮಂಡಲಿಗೆ ಸೇರಿದುದು. ಇವರನ್ನು ನೇಮಿಸುತ್ತಿದ್ದುದು ಸರ್ಕಾರ. ತೆರಿಗೆ ತೆರುವ ಜನರಿಗೂ ಇವರಿಗೂ ಯಾವ ಕಟ್ಟುಪಾಡೂ ಇರಲಿಲ್ಲ. ಇಡೀ ವ್ಯವಸ್ಥೆಯ ದೋಷವು ಈ ಒಂದು ಅಂಶದಲ್ಲಿ ಅಡಗಿದ್ದಿತು.

ಕಮಿಷನರನಾಗಿ ಬಂದವನು ಆರ್ಥರ್ ಕ್ರಾಫರ್ಡ್. ಆತನು ದಕ್ಷ, ಸಾಹಸಿ. ಕೈ ಮಾತ್ರ ಬಲು ಧಾರಾಳ. ಇಕ್ಕಟ್ಟಾದ ಬೀದಿಗಳು ಅಗಲವಾದವು, ಚರಂಡಿಗಳು ಶುದ್ಧವಾದವು, ಜೌಗುನೆಲಗಳು ತುಂಬಿದವು. 1869ರಲ್ಲಿ ಮುಗಿದ ದೊಡ್ಡ ಮಾರುಕಟ್ಟೆಯು ಬಹುಕಾಲ ಆತನ ಹೆಸರಿನಿಂದಲೇ ಪ್ರಸಿದ್ಧವಾಗಿದ್ದಿತು. ಅದಕ್ಕೆ ಈಗಿನ ಹೆಸರು ಮಹಾತ್ಮಾ ಜ್ಯೋತಿಬಾ ಫುಲೆ ಮಂಡಿ. ಈ ಕಾರ್ಯಗಳಲ್ಲಿ ಬಹುಭಾಗವು ಅವಶ್ಯಕವಾದುವೇ ಎಂಬುದನ್ನು ಆತನ ವಿರೋಧಿಗಳೂ ಪೂರ್ಣವಾಗಿ ಅಲ್ಲಗಳೆಯುವಂತಿರಲಿಲ್ಲ.

ಆದರೆ ಕಾಲವು ತಿರುಗಿತು. 1865ರಲ್ಲಿ ಅಮೆರಿಕದ ಯುದ್ಧವು ನಿಂತಿತು; ಹತ್ತಿಯ ಬೆಲೆ ಕುಸಿಯಿತು; ಬ್ಯಾಂಕುಗಳೂ ಕೂಡುಬಂಡವಾಳದ ಸಂಘಗಳೂ ಒಂದರ ಹಿಂದೊಂದು ಮುಳುಗಿದವು. ನಿನ್ನೆಯ ಕೋಟ್ಯಧೀಶರು ಇಂದು ದಿವಾಳಿಗಳು. ಪೌರಸಭೆಯ ವೆಚ್ಚವಾದರೋ ಏರುತ್ತಲೇ ಇದ್ದಿತು. ಮನೆಯ ತೆರಿಗೆ, ದೀಪದ ತೆರಿಗೆ, ಪೊಲೀಸ್ ತೆರಿಗೆ, ಬಂಡಿಯ ತೆರಿಗೆ ಇವುಗಳ ಭಾರವು, ವರಮಾನ ಕುಗ್ಗಿದವರ ತಲೆಯ ಮೇಲೆ ಇಮ್ಮಡಿಯಾಗಿ ತೋರಿತು. ಸುಗ್ಗಿಯ ಕಾಲದಲ್ಲಿ ಲೆಕ್ಕ ಕೇಳದವನು ಬರಗಾಲದಲ್ಲಿ ಕಾಸುಕಾಸಿಗೂ ಲೆಕ್ಕ ಕೇಳುವುದು ಲೋಕಸ್ವಭಾವವಷ್ಟೆ. ವಿಚಾರಿಸಿ ನೋಡಲಾಗಿ, ಮಂಜೂರಾದ ಮೊತ್ತವನ್ನು ಮೀರಿ ವೆಚ್ಚ ನಡೆದಿದ್ದುದೂ, ತಡೆಯಬೇಕಾದವರು ತಡೆಯದೆ ಇದ್ದುದೂ ಹೊರಬಿದ್ದಿತು.

1871ರಲ್ಲಿ ತೆರಿಗೆದಾರರ ಚಳವಳಿಯು ಪ್ರಬಲವಾಯಿತು. ನೌರೋಜಿ ಫರ್ದೂನ್‌ಜಿ ಮೊದಲಾದವರು ಅದರ ಮುಂದಾಳುಗಳು. ಕ್ರಾಫರ್ಡನು ಅಧಿಕಾರವನ್ನು ಬಿಟ್ಟು ಹೋಗಬೇಕಾಯಿತು. ಒಬ್ಬ ಕಮಿಷನರನ ಕೈಗೆ ಇಷ್ಟು ಅಧಿಕಾರವಿರಲೇಕೂಡದೆಂಬುದು ಅನೇಕರ ಅಭಿಪ್ರಾಯ. ಆಗ ಇಪ್ಪತ್ತಾರು ವಯಸ್ಸಿನ ಬ್ಯಾರಿಸ್ಟರನೊಬ್ಬನು ಎದ್ದು, ಜನರಿಗೆ ರುಚಿಸದ ಮಾತನ್ನು ಆಡಿದನು. ಆತನು ಫಿರೋಜ್‌ಶಾ ಮೆಹ್ತಾ. ಆತನ ವಾದದ ಸಾರಾಂಶವಿಷ್ಟು: ಕಾರ್ಯಭಾರವು ಹೊಣೆಯರಿತ ಒಬ್ಬ ಅಧಿಕಾರಿಯಲ್ಲಿರುವುದು ಯುಕ್ತವೇ, ತಪ್ಪು ಇರುವುದು ಆತನ ಮೇಲೆ ಕಾವಲಿರಬೇಕಾದ ಮಂಡಲಿಯಲ್ಲಿ. ಯಾರಿಗೂ ಉತ್ತರ ಹೇಳಬೇಕಾಗಿಲ್ಲದವರು ಪರರ ಹಣಕ್ಕೆ ಒಳ್ಳೆಯ ಕಾವಲುಗಾರರಾಗಲಾರರು. ಆದುದರಿಂದ ಕಾವಲುಗಾರರನ್ನು ತೆರಿಗೆದಾರರೇ ಆರಿಸಲಿ.

ಈ ವಾದದ ಬೆಲೆಯು ನಮಗೆ ಇಂದು ಸ್ಪಷ್ಟವಾಗಿದೆ. ಕೋಪಗೊಂಡ ಜನಸಮೂಹವು ಒಬ್ಬ ವ್ಯಕ್ತಿಯನ್ನು ಹೊರದೂಡಿ ತೃಪ್ತಿಪಡುವುದು ಸುಲಭ. ಆ ವ್ಯಕ್ತಿ ಹೋದಮೇಲೆ ಅದೇ ಪೀಠದಲ್ಲಿ ಅದೇ ವಿಧದ ಮತ್ತೊಬ್ಬನು ಕೂಡದಂತೆ ಏರ್ಪಾಡುಮಾಡುವುದು ಕಷ್ಟ. ಮೆಹ್ತಾ ಎರಡನೆಯದನ್ನು ಬಯಸಿದನು.

1872ರ ಶಾಸನವು ಈ ದಿಕ್ಕಿನಲ್ಲಿ ಮೊದಲ ಹೆಜ್ಜೆ. ಅರುವತ್ತನಾಲ್ಕು ಸದಸ್ಯರ ಪೌರಸಭೆಯಲ್ಲಿ ಮೂವತ್ತೆರಡು ಮಂದಿಯನ್ನು ತೆರಿಗೆದಾರರೂ, ಹದಿನಾರು ಮಂದಿಯನ್ನು ಜಸ್ಟಿಸ್ ಮಂಡಲಿಯೂ ಆರಿಸುವುದೆಂದೂ, ಉಳಿದ ಹದಿನಾರು ಮಂದಿಯನ್ನು ಸರ್ಕಾರವು ನೇಮಿಸುವುದೆಂದೂ ಗೊತ್ತಾಯಿತು. 1888ರ ಶಾಸನದಲ್ಲಿ ಪೌರಸಭೆ, ಸ್ಥಾಯೀಸಮಿತಿ, ಕಮಿಷನರು ಇವರ ಅಧಿಕಾರದ ಮೇರೆಗಳು ನಿಷ್ಕರ್ಷೆಯಾದವು. ಕಾರ್ಯ ಕಮಿಷನರನದು; ವರ್ಷವರ್ಷವೂ ತೆರಿಗೆಯ ದರವನ್ನು ಗೊತ್ತುಮಾಡಿ ವೆಚ್ಚಕ್ಕೆ ಅನುಮತಿ ಕೊಡುವುದು ಸಭೆಯದು. ಈ ಶಾಸನವನ್ನು ರೂಪಿಸುವುದರಲ್ಲಿಯೂ ಮೆಹ್ತಾನ ಕೈ ದೊಡ್ಡದು.

ಆದರೂ ಈ ಚಿತ್ರಕ್ಕೆ ಇನ್ನೊಂದು ಮುಖವುಂಟು. 1872ರಲ್ಲಿ ಮತವಿದ್ದುದು ಗೊತ್ತಾದ ಮೊತ್ತದಷ್ಟು ತೆರಿಗೆ ಸಲ್ಲಿಸುವವರಿಗೆ ಮಾತ್ರ. ಚಾಳಿನ ಒಂದು ಕೋಣೆಯಲ್ಲಿ ಸಂಸಾರ ಹೂಡಿದ್ದ ಗಿರಣಿಯ ಕೂಲಿಗೆ ಮತವಿರಲಿಲ್ಲ. ಆತನೂ ತೆರಿಗೆ ಕೊಡುತ್ತಿದ್ದನು; ಮನೆಯೊಡೆಯನು ಅದನ್ನು ಬಾಡಿಗೆಯಲ್ಲಿ ಸೇರಿಸಿಯೇ ವಸೂಲುಮಾಡುತ್ತಿದ್ದನು. ತೆರಿಗೆಯನ್ನು ತಗ್ಗಿಸಬೇಕೆನ್ನುವವರ ಧ್ವನಿ ಸಭೆಯಲ್ಲಿ ಕೇಳಿಸಿತು. ತನ್ನ ಕೇರಿಗೆ ನೀರೂ ಚರಂಡಿಯೂ ಬೇಕೆನ್ನುವವನ ಧ್ವನಿ ಕೇಳಿಸಲಿಲ್ಲ. 1922ರಲ್ಲಿ ಬಾಡಿಗೆದಾರರಲ್ಲಿ ಬಹುಮಂದಿಗೆ ಮತ ದೊರೆಯಿತು. 1948ರಲ್ಲಿ ವಯಸ್ಕರೆಲ್ಲರಿಗೂ ದೊರೆಯಿತು. ಲೆಕ್ಕ ಕೇಳುವ ಹಕ್ಕು ಮಾಳಿಗೆಯಿಂದ ಚಾಳಿಗೆ ಇಳಿಯಲು ಎಪ್ಪತ್ತಾರು ವರ್ಷಗಳು ಬೇಕಾದವು.

ಇಷ್ಟು ದಿನಗಳ ಮೇಲೆ ದೊರೆತುದು ತಾನಾಗಿಯೇ ಉಳಿಯುವುದೆಂದು ನಾವು ಭಾವಿಸಬಾರದು. 1992ರ ಸಂವಿಧಾನ ತಿದ್ದುಪಡಿಯು, ಐದು ವರ್ಷದ ಅವಧಿ ಮುಗಿಯುವುದರೊಳಗೆ ಪೌರಸಭೆಗೆ ಚುನಾವಣೆ ನಡೆಯಬೇಕೆಂದು ವಿಧಿಸಿತು. ಆದರೂ ಆ ಮುಂಬಯಿಯಲ್ಲಿಯೇ 2022ರ ಮಾರ್ಚಿಯಿಂದ ಮೂರು ವರ್ಷಗಳಿಗೂ ಮೀರಿ ಚುನಾಯಿತ ಸಭೆಯಿಲ್ಲದೆ ಆಡಳಿತಾಧಿಕಾರಿಯೇ ಕಾರ್ಯ ನಡೆಸಿದನು. ನಮ್ಮ ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಅವಧಿ ತೀರಿದ ಮೇಲೆ ಐದು ವರ್ಷಗಳು ಚುನಾವಣೆಯಿಲ್ಲದೆ ಕಳೆದವು. 2025ರ ಏಪ್ರಿಲಿನಿಂದ ಕಸದ ವಿಲೇವಾರಿಗೆಂದು ಹೊಸ ಶುಲ್ಕವು ಆಸ್ತಿತೆರಿಗೆಯೊಡನೆ ವಸೂಲಾಗತೊಡಗಿದಾಗ, ಅದು ಹೆಚ್ಚೋ ಕಡಮೆಯೋ ಎಂದು ಪೌರರ ಪರವಾಗಿ ಕೇಳಲು ಚುನಾಯಿತ ಸದಸ್ಯನೊಬ್ಬನೂ ಇರಲಿಲ್ಲ. ಆಡಳಿತಾಧಿಕಾರಿಗಳು ದಕ್ಷರಿರಬಹುದು, ಕ್ರಾಫರ್ಡನೂ ದಕ್ಷನೇ ಆಗಿದ್ದನು.

ತೆರಿಗೆ ಹೆಚ್ಚಾಗುವುದೇ ಅನ್ಯಾಯವಲ್ಲ. ನೀರು, ಬೆಳಕು, ಶುಚಿತ್ವ ಇವು ಪುಕ್ಕಟೆ ಬರತಕ್ಕವುಗಳಲ್ಲ. ಕೊಟ್ಟವನಿಗೆ ಕೇಳುವ ಹಕ್ಕೂ, ವೆಚ್ಚಮಾಡಿದವನಿಗೆ ಹೇಳುವ ಹೊಣೆಯೂ ಇರುವಲ್ಲಿ ಪೌರರು ಭಾರವಾದ ತೆರಿಗೆಯನ್ನೂ ಹೊರುತ್ತಾರೆ. ಅವೆರಡೂ ಇಲ್ಲದಲ್ಲಿ ಹಗುರವಾದುದೂ ಭಾರವೇ. ಮುಂಬಯಿಯ ತೆರಿಗೆದಾರರು 1871ರಲ್ಲಿ ಕಲಿತ ಪಾಠ ಇದು.